ಸಣ್ಣ ಸ್ಟಾರ್ಟಪ್‌ನಿಂದ ಆಫರ್ ಬಂದಿದೆ: ಸಹಿ ಹಾಕುವ ಮೊದಲು ಮಾಡಬೇಕಾದ ಲೆಕ್ಕ

"ಸಂಬಳ ಈಗಿನದಕ್ಕಿಂತ ಕಡಿಮೆ, ಆದರೆ ಷೇರು ಕೊಡುತ್ತಾರಂತೆ. ಹೋಗಲೋ ಬೇಡವೋ?" ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು. ಆಫರ್ ಲೆಟರಿನ ಒಂದು ಪುಟ ನೋಡಿ ಇದಕ್ಕೆ ಹೌದು ಅಥವಾ ಇಲ್ಲ ಎಂದು ಹೇಳಲು ಯಾರಿಂದಲೂ ಆಗುವುದಿಲ್ಲ. ಆದರೆ ಉತ್ತರಕ್ಕೆ ಬೇಕಾದ ಅಂಕಿಗಳು ಕೆಲವೇ ಇವೆ. ಅವನ್ನು ಕೇಳಿ ಪಡೆಯಲು ಒಂದು ವಾರ, ಹೆಚ್ಚೆಂದರೆ ಹತ್ತು ದಿನ ಸಾಕು. ಬಹಳಷ್ಟು ಜನ ಕೇಳಲು ಸಂಕೋಚಪಟ್ಟುಕೊಂಡು, ಸಂಸ್ಥಾಪಕರ ಉತ್ಸಾಹದ ಮಾತಿಗೆ ಮನಸೋತು ಸಹಿ ಹಾಕಿಬಿಡುತ್ತಾರೆ. ಆ ಸಂಕೋಚವನ್ನು ಬಿಡಿಸುವುದಕ್ಕಾಗಿಯೇ ಈ ಲೇಖನ.

ಇಲ್ಲಿ ಸಣ್ಣ ಸ್ಟಾರ್ಟಪ್ ಎಂದರೆ ಐದರಿಂದ ಮೂವತ್ತು ಜನ ಇರುವ, ಹೊರಗಿನ ಬಂಡವಾಳವನ್ನು ಒಂದೆರಡು ಸಲ ಪಡೆದಿರುವ ಅಥವಾ ಇನ್ನೂ ಪಡೆಯದ ಕಂಪನಿ. ಇನ್ನೂರು ಮುನ್ನೂರು ಜನರ ಕಂಪನಿಯ ಲೆಕ್ಕ ಬೇರೆ.

ಶುರು ಮಾಡುವ ಮೊದಲು ಇಷ್ಟನ್ನು ಕೈಯಲ್ಲಿಟ್ಟುಕೊಳ್ಳಿ: ನಿಮ್ಮ ಮನೆಯ ಕಳೆದ ಮೂರು ತಿಂಗಳ ನಿಜವಾದ ಖರ್ಚಿನ ಲೆಕ್ಕ, ಈಗಿನ ಸಂಬಳದ ಪೂರ್ತಿ ವಿವರ (ವಿಮೆ, ನಿವೃತ್ತಿ ನಿಧಿಗೆ ಕಂಪನಿ ಕಟ್ಟುವ ಪಾಲು, ಬೋನಸ್ ಸೇರಿ), ಹೊಸ ಕಂಪನಿಯ ಆಫರ್ ಲೆಟರಿನ ಕರಡು, ಷೇರು ಯೋಜನೆಯ ಪ್ರತಿ. ಜೊತೆಗೆ ಸಂಸ್ಥಾಪಕರೊಂದಿಗೆ ಬಿಡುವಾಗಿ ಮಾತಾಡಲು ಒಂದು ಗಂಟೆ. ಇದೆಲ್ಲ ಮುಗಿಯುವವರೆಗೆ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ಫೋನಿನಲ್ಲಿ "ನೀವು ಸೆಲೆಕ್ಟ್ ಆದಿರಿ" ಎಂದದ್ದು ಆಫರ್ ಅಲ್ಲ. ಎರಡೂ ಕಡೆಯ ಸಹಿ ಬಿದ್ದ ಕಾಗದ ಮಾತ್ರ ಆಫರ್.

1. ಮೊದಲು ನಿಮ್ಮ ಜೇಬು ನೋಡಿಕೊಳ್ಳಿ

ಕಂಪನಿಯ ಲೆಕ್ಕ ಕೇಳುವ ಮುಂಚೆ ನಿಮ್ಮ ಲೆಕ್ಕ ಬರೆಯಿರಿ. ಈಗಿನ ತಿಂಗಳ ಸಂಬಳವನ್ನು 100 ಎಂದಿಟ್ಟುಕೊಳ್ಳಿ. ಹೊಸ ಕಡೆ 70 ಕೊಡುತ್ತಾರೆ. ನಿಮ್ಮ ಮನೆ ಖರ್ಚು 60. ಮೇಲ್ನೋಟಕ್ಕೆ ಇನ್ನೂ 10 ಉಳಿಯುತ್ತದೆ. ಆದರೆ ಹಳೆಯ ಕಂಪನಿ ಕೊಡುತ್ತಿದ್ದ ಆರೋಗ್ಯ ವಿಮೆಯನ್ನು ನೀವೇ ಕೊಳ್ಳಬೇಕಾಗಿ ಬಂದು ಅದಕ್ಕೆ 4 ಹೋದರೆ ಉಳಿಯುವುದು 6. ತಿಂಗಳಿಗೆ 40 ಉಳಿಸುತ್ತಿದ್ದವರು 6ಕ್ಕೆ ಇಳಿದಿರಿ.

ಈಗ ವಿಮೆಯನ್ನು ಬದಿಗಿಟ್ಟು, ಸಂಬಳದಲ್ಲಾದ 30ರ ಕೊರತೆಯನ್ನಷ್ಟೇ ನಾಲ್ಕು ವರ್ಷಕ್ಕೆ ಗುಣಿಸಿ: 30 × 48 = 1,440. ಅಂದರೆ ಈಗಿನ 14 ತಿಂಗಳಿಗೂ ಮೀರಿದ ಸಂಬಳ. ಹಳೆಯ ಕಡೆ ಸಿಗಬಹುದಾಗಿದ್ದ ಬಡ್ತಿಯನ್ನು ಇದರಲ್ಲಿ ಸೇರಿಸಿಯೇ ಇಲ್ಲ. ಈ 1,440 ನೀವು ಆ ಕಂಪನಿಯಲ್ಲಿ ಹೂಡುತ್ತಿರುವ ಬಂಡವಾಳ. ಹೂಡಿಕೆದಾರರು ದುಡ್ಡು ಹಾಕುವ ಮೊದಲು ಎಷ್ಟು ಪ್ರಶ್ನೆ ಕೇಳುತ್ತಾರೋ ಅಷ್ಟೇ ಕೇಳುವ ಹಕ್ಕು ನಿಮಗೂ ಇದೆ. ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, 5ನೇ ಹಂತದಲ್ಲಿ ಮತ್ತೆ ಬೇಕಾಗುತ್ತದೆ.

ಆಪತ್ಕಾಲದ ಉಳಿತಾಯ ಎಷ್ಟಿರಬೇಕು? ಒಬ್ಬರೇ ಇದ್ದರೆ ಆರು ತಿಂಗಳ ಖರ್ಚು. ಮನೆ ನಡೆಯುವುದು ನಿಮ್ಮೊಬ್ಬರ ಸಂಬಳದಿಂದಲೇ ಆದರೆ ಒಂಬತ್ತರಿಂದ ಹನ್ನೆರಡು ತಿಂಗಳದು. ಕಂಪನಿ ಮುಚ್ಚಿದರೆ ಕೊನೆಯ ತಿಂಗಳ ಸಂಬಳವೂ ತಡವಾಗಬಹುದು. ಹೊಸ ಕೆಲಸ ಹುಡುಕಲು ಮೂರ್ನಾಲ್ಕು ತಿಂಗಳು ಹಿಡಿಯುವುದು ಅಪರೂಪವೇನಲ್ಲ. ಈ ಉಳಿತಾಯ ಇಲ್ಲದಿದ್ದರೆ ಮುಂದಿನ ಹಂತಗಳನ್ನು ನೋಡುವ ಮೊದಲು ಅದನ್ನು ಕೂಡಿಸಿಕೊಳ್ಳಿ, ಇಲ್ಲವೇ ಸಂಬಳ ಕಡಿಮೆಯಾಗದ ಆಫರ್ ಮಾತ್ರ ಒಪ್ಪಿಕೊಳ್ಳಿ. ಬೇರೆ ದೇಶದಲ್ಲಿದ್ದು ನಿಮ್ಮ ವೀಸಾ ಉದ್ಯೋಗಕ್ಕೆ ಅಂಟಿಕೊಂಡಿದ್ದರೆ ಇನ್ನೂ ಎಚ್ಚರ ಬೇಕು. ಕಂಪನಿ ಮುಚ್ಚಿದ ದಿನದಿಂದ ನಿಮ್ಮ ವಾಸದ ಗಡುವೂ ಓಡಲು ಶುರುವಾಗುತ್ತದೆ.

2. ಕಂಪನಿಗೆ ಇನ್ನೆಷ್ಟು ತಿಂಗಳ ಆಯಸ್ಸಿದೆ?

ಇದಕ್ಕೆ ರನ್‌ವೇ ಎನ್ನುತ್ತಾರೆ. ಬ್ಯಾಂಕಿನಲ್ಲಿರುವ ದುಡ್ಡನ್ನು ತಿಂಗಳ ನಿವ್ವಳ ಖರ್ಚಿನಿಂದ ಭಾಗಿಸಿದರೆ ಬರುವ ತಿಂಗಳುಗಳ ಸಂಖ್ಯೆ. ನಿವ್ವಳ ಖರ್ಚು, ಅಂದರೆ ಬರ್ನ್, ಒಟ್ಟು ಖರ್ಚಿನಲ್ಲಿ ಆದಾಯ ಕಳೆದ ಮೇಲೆ ಉಳಿಯುವುದು. ಬ್ಯಾಂಕಿನಲ್ಲಿ 360 ಇದೆ, ತಿಂಗಳಿಗೆ 35 ಖರ್ಚು, 5 ಆದಾಯ ಎಂದಾದರೆ ಬರ್ನ್ 30, ರನ್‌ವೇ 12 ತಿಂಗಳು.

ಜನ ಎಡವುವುದು ಇಲ್ಲೇ. ಆ 12 ತಿಂಗಳು ಇವತ್ತಿನ ತಂಡದ ಲೆಕ್ಕ. ನಿಮ್ಮ ಜೊತೆ ಇನ್ನೂ ಮೂವರನ್ನು ಸೇರಿಸಿಕೊಂಡು ಖರ್ಚು 45ಕ್ಕೆ ಏರಿದರೆ ಬರ್ನ್ 40, ರನ್‌ವೇ 9 ತಿಂಗಳಿಗೆ ಇಳಿಯಿತು. ಹಾಗಾಗಿ "ಈಗ ನೇಮಕ ಮಾಡಿಕೊಳ್ಳುತ್ತಿರುವವರೆಲ್ಲ ಸೇರಿದ ಮೇಲೆ ಎಷ್ಟು ತಿಂಗಳು?" ಎಂದು ಕೇಳಿ. ಹೊಸ ಬಂಡವಾಳ ಎತ್ತಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಬೇಕು. ಒಂಬತ್ತು ತಿಂಗಳ ರನ್‌ವೇ ಇರುವ ಕಂಪನಿಯ ಸಂಸ್ಥಾಪಕರು ನೀವು ಕೆಲಸ ಕಲಿಯುವಷ್ಟರಲ್ಲಿ ದುಡ್ಡು ಹುಡುಕಲು ಹೊರಟಿರುತ್ತಾರೆ.

ಅಂದಾಜಿಗೆ ಒಂದು ಅಳತೆ: 18 ತಿಂಗಳಿಗೆ ಮೇಲಿದ್ದರೆ ನೆಮ್ಮದಿ. 12ರಿಂದ 18 ಇದ್ದರೆ ಮುಂದಿನ ಬಂಡವಾಳಕ್ಕೆ ಮುಂಚೆ ಏನನ್ನು ಸಾಧಿಸಿ ತೋರಿಸಬೇಕು ಎಂದು ಕೇಳಿ. 12ಕ್ಕಿಂತ ಕಡಿಮೆ ಇದ್ದರೆ ಈಗಿರುವ ಹೂಡಿಕೆದಾರರು ಮತ್ತೆ ಹಾಕಲು ಒಪ್ಪಿದ್ದಾರೆಯೇ ಎಂದು ಕೇಳಿ. 6ಕ್ಕಿಂತ ಕಡಿಮೆ ಇದ್ದರೆ ಸಂಬಳದಲ್ಲಿ ಒಂದು ಪೈಸೆಯನ್ನೂ ಬಿಟ್ಟುಕೊಡಬೇಡಿ. ಆದಾಯದಿಂದಲೇ ಖರ್ಚು ನಡೆಯುವ ಕಂಪನಿಗೆ ಈ ಅಳತೆ ಅನ್ವಯಿಸುವುದಿಲ್ಲ. ಹೊರಗಿನ ಬಂಡವಾಳವೇ ಇಲ್ಲದೆ ಲಾಭದಲ್ಲಿರುವ ಹತ್ತು ಜನರ ಕಂಪನಿ, ಭಾರಿ ಬಂಡವಾಳ ಎತ್ತಿ ಸುಡುತ್ತಿರುವ ಕಂಪನಿಗಿಂತ ಭದ್ರವಾಗಿರಬಹುದು.

"ದುಡ್ಡು ಬರ್ತಾ ಇದೆ" ಮತ್ತು "ದುಡ್ಡು ಬಂದಿದೆ" ನಡುವೆ ಬಹಳ ಅಂತರವಿದೆ. ಟರ್ಮ್ ಶೀಟ್‌ಗೆ, ಅಂದರೆ ಹೂಡಿಕೆಯ ಷರತ್ತುಗಳ ಕರಡಿಗೆ, ಸಹಿ ಬಿದ್ದಿದ್ದರೂ ಹೂಡಿಕೆದಾರರು ಹಿಂದೆ ಸರಿಯಬಹುದು. ಸಾಮಾನ್ಯವಾಗಿ ಅದರ ಮುಖ್ಯ ಷರತ್ತುಗಳು ಯಾರನ್ನೂ ಕಾನೂನಿನ ಪ್ರಕಾರ ಕಟ್ಟಿಹಾಕುವುದಿಲ್ಲ. ಖಾತೆಗೆ ಬಂದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ಆದಾಯದ ಮಾತನ್ನೂ ಬಿಡಿಸಿ ಕೇಳಬೇಕು. "ನಲವತ್ತು ಗ್ರಾಹಕರಿದ್ದಾರೆ" ಎಂದರೆ ದುಡ್ಡು ಕೊಡುವವರು ಎಷ್ಟು? ಪುಕ್ಕಟೆ ಪ್ರಯೋಗದಲ್ಲಿರುವವರು ಎಷ್ಟು? ಆದಾಯದ ಅರ್ಧಕ್ಕಿಂತ ಹೆಚ್ಚು ಒಬ್ಬರೇ ಗ್ರಾಹಕರಿಂದ ಬರುತ್ತಿದೆಯೇ? ಹಾಗಿದ್ದರೆ ಆ ಒಬ್ಬರು ಹೊರಟ ದಿನವೇ ರನ್‌ವೇ ಲೆಕ್ಕ ಬದಲಾಗುತ್ತದೆ. ಕಂಪನಿಯ ಮೂಲಕ ಹರಿದ ಒಟ್ಟು ವಹಿವಾಟನ್ನೇ ಆದಾಯ ಎಂದು ಹೇಳುವವರೂ ಇದ್ದಾರೆ. 1,000ದ ವಹಿವಾಟಿನಲ್ಲಿ ಕಮಿಷನ್ ಎಂದು ಕಂಪನಿಗೆ 5 ಉಳಿದರೆ ಆದಾಯ ಆ 5 ಮಾತ್ರ.

ಹೇಗೆ ಕೇಳುವುದು ಎಂದು ತೊಳಲಾಡುವವರು ಈ ಒಕ್ಕಣೆಯನ್ನು ಬಳಸಬಹುದು:

"ಆಫರ್‌ಗೆ ಧನ್ಯವಾದ. ನಿಮ್ಮ ತಂಡದ ಜೊತೆ ಕೆಲಸ ಮಾಡುವ ಆಸೆ ನಿಜವಾಗಿಯೂ ಇದೆ. ತೀರ್ಮಾನಕ್ಕೆ ಮುನ್ನ ಮೂರು ವಿಷಯ ತಿಳಿಯಬೇಕಿತ್ತು. ಈಗ ಯೋಜಿಸಿರುವ ನೇಮಕಗಳೂ ಸೇರಿ ಕಂಪನಿಯ ಬಳಿ ಎಷ್ಟು ತಿಂಗಳ ಹಣವಿದೆ? ನನಗೆ ಕೊಡುವ ಷೇರುಗಳು ಒಟ್ಟು ಷೇರುಗಳ ಶೇಕಡಾ ಎಷ್ಟು? ಹೂಡಿಕೆದಾರರು ಈವರೆಗೆ ಒಟ್ಟು ಎಷ್ಟು ಹಾಕಿದ್ದಾರೆ, ಮಾರಾಟವಾದರೆ ಮೊದಲು ಪಡೆಯುವ ಹಕ್ಕು ಅವರಿಗೆ ಎಷ್ಟಿದೆ? ಗೌಪ್ಯತೆಯ ಒಪ್ಪಂದ ಬೇಕಿದ್ದರೆ ಸಹಿ ಹಾಕುತ್ತೇನೆ."

ಖಾತೆಯಲ್ಲಿರುವ ಮೊತ್ತವನ್ನು ಬಾಯಿಬಿಟ್ಟು ಹೇಳದಿರುವುದು ಸಹಜ. ತಿಂಗಳುಗಳ ಸಂಖ್ಯೆಯನ್ನೂ ಹೇಳಲು ಒಪ್ಪದ ಸಂಸ್ಥಾಪಕರು, ನಾಳೆ ಸಂಬಳ ತಡವಾಗುವಾಗಲೂ ಮುಂಚಿತವಾಗಿ ಹೇಳುವವರಲ್ಲ. ಅಲ್ಲಿಗೆ ನಿಲ್ಲಿಸಿಬಿಡುವುದು ಒಳ್ಳೆಯದು.

3. ಸಂಸ್ಥಾಪಕರು ಮತ್ತು ಬಿಟ್ಟುಹೋದವರು

ಕಂಪನಿ ಬಿಟ್ಟು ಹೋದ ಇಬ್ಬರನ್ನು ಹುಡುಕಿ ಮಾತಾಡಿಸಿ. ಸಂಸ್ಥಾಪಕರೇ ಕೊಟ್ಟ ಹೆಸರುಗಳು ಸಾಲವು, ಲಿಂಕ್ಡ್‌ಇನ್‌ನಲ್ಲಿ ಹಿಂದಿನ ಉದ್ಯೋಗಿಗಳನ್ನು ನೀವೇ ನೋಡಿ. "ಕಂಪನಿ ಹೇಗಿದೆ?" ಎಂದು ಕೇಳಿದರೆ "ಚೆನ್ನಾಗಿದೆ" ಎಂಬ ಉತ್ತರ ಬರುತ್ತದೆ. ಉಪಯೋಗಕ್ಕೆ ಬರುವ ಪ್ರಶ್ನೆಗಳು ಬೇರೆ: ಸಂಬಳ ಎಂದಾದರೂ ತಡವಾಗಿತ್ತೇ? ಬಿಡುವಾಗ ಬಾಕಿ ಪೂರ್ತಿ ಬಂತೇ? ಸಂಸ್ಥಾಪಕರ ಅಭಿಪ್ರಾಯ ತಪ್ಪು ಎಂದು ತಂಡದವರು ಹೇಳಿದಾಗ ಏನಾಗುತ್ತಿತ್ತು? ಕಳೆದ ವರ್ಷ ಎಷ್ಟು ಜನ ಬಿಟ್ಟರು? ಹತ್ತು ಜನರ ತಂಡದಲ್ಲಿ ಒಂದೇ ವರ್ಷ ನಾಲ್ವರು ಹೋಗಿದ್ದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ.

ಸಂಸ್ಥಾಪಕರು ಇಬ್ಬರು ಮೂವರಿದ್ದರೆ ಅವರ ಷೇರುಗಳಿಗೂ ವೆಸ್ಟಿಂಗ್ (ಇದರ ವಿವರ ಮುಂದಿದೆ) ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಒಬ್ಬರು ಜಗಳವಾಡಿ ಹೊರನಡೆದಾಗ ಕಂಪನಿಯ ದೊಡ್ಡ ಪಾಲು ಅವರ ಜೊತೆಗೇ ಹೋಗುತ್ತದೆ, ಮುಂದೆ ಹೂಡಿಕೆದಾರರು ಹತ್ತಿರ ಸುಳಿಯುವುದು ಕಷ್ಟ.

ಅನೇಕ ದೇಶಗಳಲ್ಲಿ ಕಂಪನಿಗಳ ನೋಂದಣಿ ದಾಖಲೆಗಳು ಸಾರ್ವಜನಿಕವಾಗಿ ಸಿಗುತ್ತವೆ. ನಿರ್ದೇಶಕರು ಯಾರು, ವಾರ್ಷಿಕ ಲೆಕ್ಕಪತ್ರ ಸಮಯಕ್ಕೆ ಸಲ್ಲಿಕೆಯಾಗಿದೆಯೇ ಎಂಬುದನ್ನು ಅರ್ಧ ಗಂಟೆಯಲ್ಲಿ ನೋಡಬಹುದು.

4. ನಿಮ್ಮ ಕೆಲಸ ನಿಜವಾಗಿ ಏನು?

ಹುದ್ದೆಯ ಹೆಸರು ನೋಡಿ ಮರುಳಾಗಬೇಡಿ. ಎಂಟು ಜನರ ಕಂಪನಿಯ "ಹೆಡ್" ಕೈಕೆಳಗೆ ಯಾರೂ ಇಲ್ಲದಿರಬಹುದು. ಕೇಳಬೇಕಾದ್ದು ಇದು: ಮೊದಲ 90 ದಿನದಲ್ಲಿ ನಾನು ಏನು ಮಾಡಿ ಮುಗಿಸಿದರೆ ನೀವು ಸೈ ಎನ್ನುತ್ತೀರಿ? ಈಗ ಆ ಕೆಲಸ ಯಾರು ಮಾಡುತ್ತಿದ್ದಾರೆ? ಎರಡನೆಯ ಪ್ರಶ್ನೆಗೆ "ನಾನೇ" ಎಂದು ಸಂಸ್ಥಾಪಕರು ಹೇಳಿದರೆ ಅವರು ಅದನ್ನು ನಿಜವಾಗಿ ಬಿಟ್ಟುಕೊಡುತ್ತಾರೆಯೇ ಎಂದು ವಿಚಾರಿಸಿ.

ವೃತ್ತಿಯ ಮೊದಲ ಎರಡು ಮೂರು ವರ್ಷದಲ್ಲಿರುವವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ನಿಮ್ಮ ಕೆಲಸವನ್ನು ನೋಡಿ ತಿದ್ದುವ, ಆ ವಿಷಯದಲ್ಲಿ ನಿಮಗಿಂತ ಪಳಗಿದ ಒಬ್ಬರಾದರೂ ಅಲ್ಲಿ ಇರಬೇಕು. ಇಲ್ಲದಿದ್ದರೆ ವೇಗವಾಗಿ ಕೆಲಸ ಮಾಡುವುದು ಕಲಿಯುತ್ತೀರಿ, ಸರಿಯಾಗಿ ಮಾಡುವುದನ್ನಲ್ಲ. ಅದನ್ನು ಮುಂದಿನ ಕಡೆ ಬಿಡಿಸಿಕೊಳ್ಳುವುದು ಕಷ್ಟ. ಐದಾರು ವರ್ಷ ಅನುಭವವಿದ್ದು, ದೊಡ್ಡ ಕಂಪನಿಯಲ್ಲಿ ಒಂದೇ ಮೂಲೆಯ ಕೆಲಸಕ್ಕೆ ಸಿಕ್ಕಿಹಾಕಿಕೊಂಡವರಿಗೆ ಇದೇ ಜಾಗ ತುಂಬ ಕಲಿಸುತ್ತದೆ.

5. ಷೇರಿನ ಲೆಕ್ಕ

ನಿಧಾನವಾಗಿ ಓದಬೇಕಾದ ಭಾಗ ಇದು. ಸಾಮಾನ್ಯವಾಗಿ ನಿಮಗೆ ಕೊಡುವುದು ಷೇರನ್ನಲ್ಲ, ಆಪ್ಷನ್ ಅನ್ನು. ಅಂದರೆ ಇವತ್ತು ನಿಗದಿಯಾದ ಬೆಲೆಗೆ ಮುಂದೊಂದು ದಿನ ಷೇರು ಕೊಳ್ಳುವ ಹಕ್ಕು. ಆ ನಿಗದಿತ ಬೆಲೆಗೆ ಸ್ಟ್ರೈಕ್ ಪ್ರೈಸ್ ಎನ್ನುತ್ತಾರೆ.

*ಪಾಲು ಎಷ್ಟು.* "20,000 ಆಪ್ಷನ್ ಕೊಡುತ್ತೇವೆ" ಎಂಬ ವಾಕ್ಯಕ್ಕೆ ಒಂಟಿಯಾಗಿ ಏನೂ ಅರ್ಥವಿಲ್ಲ. ಒಟ್ಟು ಷೇರು 10 ಲಕ್ಷವಿದ್ದರೆ ಅದು ಶೇ 2. ಒಂದು ಕೋಟಿ ಇದ್ದರೆ ಶೇ 0.2. ಒಟ್ಟು ಕೇಳುವಾಗ ಈಗಾಗಲೇ ಹಂಚಿರುವ ಷೇರು ಮಾತ್ರವಲ್ಲ, ಹಂಚಲೆಂದು ತೆಗೆದಿಟ್ಟ ಆಪ್ಷನ್‌ಗಳು, ಮುಂದೆ ಷೇರಾಗಿ ಬದಲಾಗುವ ಸಾಲಪತ್ರಗಳು ಎಲ್ಲವನ್ನೂ ಸೇರಿಸಿದ ಸಂಖ್ಯೆ ಕೇಳಿ. ಇದಕ್ಕೆ ಫುಲ್ಲಿ ಡೈಲ್ಯೂಟೆಡ್ ಎಂಬ ಹೆಸರಿದೆ, ಹಾಗೇ ಹೇಳಿ ಕೇಳಿದರೆ ತಪ್ಪು ಸಂಖ್ಯೆ ಬರುವುದಿಲ್ಲ.

*ಕರಗುವುದು.* ಪ್ರತಿ ಸಲ ಹೊಸ ಬಂಡವಾಳ ಬಂದಾಗ ಹೊಸ ಷೇರು ಹುಟ್ಟುತ್ತದೆ, ನಿಮ್ಮ ಪಾಲು ಕರಗುತ್ತದೆ. ಒಂದು ಸುತ್ತಿಗೆ ಶೇ 20 ಕರಗುತ್ತದೆ ಎಂದಿಟ್ಟುಕೊಂಡರೆ ಮೂರು ಸುತ್ತಿನ ನಂತರ ಶೇ 0.2 ಇದ್ದದ್ದು ಸುಮಾರು ಶೇ 0.1 ಆಗಿರುತ್ತದೆ.

ಈಗ 1ನೇ ಹಂತದ 1,440ನ್ನು ಇದಕ್ಕೆ ಹೊಂದಿಸಿ. ಶೇ 0.1ರ ಪಾಲಿನಿಂದ 1,440 ವಾಪಸ್ ಬರಬೇಕಾದರೆ ಕಂಪನಿ ಸುಮಾರು 14,40,000ಕ್ಕೆ ಮಾರಾಟವಾಗಬೇಕು. ನಿಮ್ಮ ತಿಂಗಳ ಸಂಬಳ 100 ಎಂದುಕೊಂಡಿದ್ದೇವೆ, ಹಾಗಾಗಿ ಅದು ನಿಮ್ಮ 1,200 ವರ್ಷದ ಸಂಬಳ. ತೆರಿಗೆ, ಸ್ಟ್ರೈಕ್ ಪ್ರೈಸ್, ಹೂಡಿಕೆದಾರರ ಮೊದಲ ಹಕ್ಕು ಯಾವುದನ್ನೂ ಇದರಲ್ಲಿ ಕಳೆದಿಲ್ಲ. ಈ ಕ್ಷೇತ್ರದಲ್ಲಿ ಕಂಪನಿಗಳು ಅಷ್ಟು ಬೆಲೆಗೆ ಹೋಗುತ್ತವೆಯೇ ಎಂದು ನಿಮ್ಮ ಅಂಕಿಗಳನ್ನಿಟ್ಟು ನೀವೇ ನೋಡಿ.

*ಮೊದಲು ಯಾರಿಗೆ.* ಹೂಡಿಕೆದಾರರಿಗೆ ಲಿಕ್ವಿಡೇಷನ್ ಪ್ರಿಫರೆನ್ಸ್ ಇರುತ್ತದೆ. ಕಂಪನಿ ಮಾರಾಟವಾದರೆ ತಾವು ಹಾಕಿದ್ದನ್ನು ಎಲ್ಲರಿಗಿಂತ ಮೊದಲು ತೆಗೆದುಕೊಳ್ಳುವ ಹಕ್ಕು ಅದು. ಅವರು 300 ಹಾಕಿ ಶೇ 40 ಪಾಲು ಪಡೆದಿದ್ದಾರೆ ಎನ್ನೋಣ. ಕಂಪನಿ 250ಕ್ಕೆ ಮಾರಾಟವಾದರೆ ಅಷ್ಟೂ ಅವರಿಗೇ, ಉದ್ಯೋಗಿಗಳಿಗೆ ಸೊನ್ನೆ. 500ಕ್ಕೆ ಮಾರಾಟವಾದರೆ ಪಾಲಿನ ಲೆಕ್ಕದಲ್ಲಿ ಅವರಿಗೆ 200 ಬರುತ್ತಿತ್ತು, ಹಕ್ಕಿನ ಲೆಕ್ಕದಲ್ಲಿ 300 ಬರುತ್ತದೆ, ಹಾಗಾಗಿ 300 ತೆಗೆದುಕೊಳ್ಳುತ್ತಾರೆ. ಉಳಿದ 200ರಲ್ಲಿ ಮಿಕ್ಕವರೆಲ್ಲ ಹಂಚಿಕೊಳ್ಳಬೇಕು. ಬೆಲೆ 750 ದಾಟಿದ ಮೇಲಷ್ಟೇ ಎಲ್ಲರಿಗೂ ಪಾಲಿನ ಪ್ರಕಾರ ಸಿಗುತ್ತದೆ. ಇದು ಹಾಕಿದಷ್ಟನ್ನೇ ಒಂದು ಸಲ ಪಡೆಯುವ ಸೌಮ್ಯ ಷರತ್ತು. ಪಾರ್ಟಿಸಿಪೇಟಿಂಗ್ ಎಂಬ ಪದ ಕಂಡರೆ ಅವರು ಮೊದಲು 300 ತೆಗೆದುಕೊಂಡು, ಉಳಿದ 200ರಲ್ಲೂ ಶೇ 40 ಪಡೆಯುತ್ತಾರೆ. ಮಿಕ್ಕವರಿಗೆ 120.

ಇದು ಬರೀ ಕಾಗದದ ಭಯವಲ್ಲ. ಒಂದು ಕಾಲಕ್ಕೆ 100 ಕೋಟಿ ಡಾಲರ್‌ಗೂ ಮೀರಿ ಬೆಲೆ ಕಟ್ಟಿಸಿಕೊಂಡಿದ್ದ ಗುಡ್ ಟೆಕ್ನಾಲಜಿ ಎಂಬ ಕಂಪನಿಯನ್ನು 2015ರಲ್ಲಿ ಬ್ಲ್ಯಾಕ್‌ಬೆರಿ 42.5 ಕೋಟಿ ಡಾಲರ್‌ಗೆ ಕೊಂಡಿತು. ಹೂಡಿಕೆದಾರರ ಪಾಲು ಮೊದಲು ಹೋದದ್ದರಿಂದ ಉದ್ಯೋಗಿಗಳ ಕೈಯಲ್ಲಿದ್ದ ಸಾಮಾನ್ಯ ಷೇರಿಗೆ ಸಿಕ್ಕಿದ್ದು ತಲಾ ಸುಮಾರು 44 ಸೆಂಟ್. ಕಾಗದದ ಬೆಲೆಯ ಮೇಲೆ ಮುಂಚೆಯೇ ತೆರಿಗೆ ಕಟ್ಟಿದ್ದವರಿಗೆ ನಷ್ಟ ಇನ್ನೂ ಹೆಚ್ಚು.

*ಯಾವಾಗ ನಿಮ್ಮದಾಗುತ್ತದೆ.* ವೆಸ್ಟಿಂಗ್ ಎಂದರೆ ಆಪ್ಷನ್‌ಗಳು ದಿನ ಕಳೆದಂತೆ ನಿಮ್ಮದಾಗುವ ವ್ಯವಸ್ಥೆ. ರೂಢಿಯಲ್ಲಿರುವುದು ನಾಲ್ಕು ವರ್ಷ, ಅದರಲ್ಲಿ ಮೊದಲ ವರ್ಷ ಕ್ಲಿಫ್. ವರ್ಷ ತುಂಬಿದ ದಿನ ಕಾಲು ಭಾಗ ಒಟ್ಟಿಗೇ ಬರುತ್ತದೆ, ಆಮೇಲೆ ಪ್ರತಿ ತಿಂಗಳು 48ರಲ್ಲಿ ಒಂದು ಭಾಗ. 20,000ದಲ್ಲಿ 18 ತಿಂಗಳಿಗೆ 7,500 ನಿಮ್ಮದು. 11 ತಿಂಗಳಿಗೆ ಬಿಟ್ಟರೆ ಒಂದೂ ಇಲ್ಲ.

*ಬಿಡುವಾಗ.* ಹೆಚ್ಚಿನವರು ಓದದೆ ಬಿಡುವ ಷರತ್ತು ಇದೇ. ಕೆಲಸ ಬಿಟ್ಟ 90 ದಿನದೊಳಗೆ ದುಡ್ಡು ಕೊಟ್ಟು ಷೇರು ಕೊಳ್ಳದಿದ್ದರೆ ಆಪ್ಷನ್ ರದ್ದಾಗುವುದು ಅನೇಕ ಯೋಜನೆಗಳಲ್ಲಿದೆ. 7,500 ಆಪ್ಷನ್, ಸ್ಟ್ರೈಕ್ ಪ್ರೈಸ್ 2 ಎಂದರೆ 15,000 ಎಣಿಸಿ ಕೊಡಬೇಕು. ಅದರ ಮೇಲೆ, ಇವತ್ತಿನ ಬೆಲೆಗೂ ಸ್ಟ್ರೈಕ್ ಪ್ರೈಸಿಗೂ ಇರುವ ವ್ಯತ್ಯಾಸಕ್ಕೆ ಬಹಳ ದೇಶಗಳಲ್ಲಿ ಆಗಲೇ ತೆರಿಗೆ ಬೀಳುತ್ತದೆ, ಷೇರನ್ನು ಮಾರಲು ದಾರಿ ಇಲ್ಲದಿದ್ದರೂ. ದುಡ್ಡು ಹೊಂದಿಸಲಾಗದೆ ವರ್ಷಗಟ್ಟಲೆ ದುಡಿದ ಷೇರನ್ನು ಕೈಬಿಟ್ಟವರು ಬಹಳ ಮಂದಿ. ಈ ಗಡುವನ್ನು ಹಿಗ್ಗಿಸಲು ಸಾಧ್ಯವಿದೆ. 2015ರಲ್ಲಿ ಪಿಂಟರೆಸ್ಟ್ ಎರಡು ವರ್ಷ ಕೆಲಸ ಮಾಡಿದವರಿಗೆ ಇದನ್ನು ಏಳು ವರ್ಷಕ್ಕೆ ಏರಿಸಿತ್ತು. ಹಾಗಾಗಿ ಕೇಳಿ ನೋಡಿ. ತೆರಿಗೆಯ ವಿಷಯಕ್ಕೆ ನಿಮ್ಮ ದೇಶದ ಲೆಕ್ಕಪರಿಶೋಧಕರ ಜೊತೆ ಒಂದು ಗಂಟೆ ಕೂರುವುದು ದಂಡವಲ್ಲ.

ಇಷ್ಟೆಲ್ಲ ಆದ ಮೇಲೂ ತೀರ್ಮಾನಕ್ಕೆ ಕೂರುವಾಗ ಷೇರಿನ ಬೆಲೆಯನ್ನು ಸೊನ್ನೆ ಎಂದೇ ಇಟ್ಟುಕೊಳ್ಳಿ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯಬೇಡಿ. ಹಾಗಾದರೆ ಲೆಕ್ಕ ಯಾಕೆ ಹಾಕಿದ್ದು? ಸಂಬಳ ಬಿಟ್ಟುಕೊಡುವ ಮಾತು ಬಂದಾಗ ಎಷ್ಟರ ಬದಲು ಎಷ್ಟು ಕೇಳಬೇಕು ಎಂಬುದು ಗೊತ್ತಿರಬೇಕು, ಅದಕ್ಕೆ.

6. ಕಾಗದವನ್ನು ಸಾಲು ಸಾಲಾಗಿ ಓದಿ

ಬಾಯಿಮಾತಿನಲ್ಲಿ ಹೇಳಿದ್ದೆಲ್ಲ ಲಿಖಿತವಾಗಿ ಬಂದಿದೆಯೇ ನೋಡಿ. "ಆರು ತಿಂಗಳಿಗೆ ಸಂಬಳ ಏರಿಸುತ್ತೇವೆ" ಎಂದಿದ್ದರೆ ಎಷ್ಟು, ಯಾವ ದಿನಾಂಕ ಎಂದು ಬರೆಸಿ.

ಆಪ್ಷನ್‌ಗಳ ಬಗ್ಗೆ ಲೆಟರಿನಲ್ಲಿ ಸಾಮಾನ್ಯವಾಗಿ ಒಂದೇ ಸಾಲು ಇರುತ್ತದೆ: "ಆಡಳಿತ ಮಂಡಳಿಯ ಒಪ್ಪಿಗೆಗೆ ಒಳಪಟ್ಟು 20,000 ಆಪ್ಷನ್ ನೀಡಲಾಗುವುದು." ಒಪ್ಪಿಗೆ ಸಿಗುವವರೆಗೆ ನಿಮ್ಮ ಹೆಸರಿನಲ್ಲಿ ಏನೂ ಇಲ್ಲ. ಮುಂದಿನ ಸಭೆ ಯಾವಾಗ ಎಂದು ಕೇಳಿ, ವೆಸ್ಟಿಂಗ್ ಕೆಲಸಕ್ಕೆ ಸೇರಿದ ದಿನದಿಂದ ಶುರು ಎಂದು ಸೇರಿಸಲು ಹೇಳಿ. ಸಭೆ ಎಂಟು ತಿಂಗಳು ತಡವಾಗಿ, ಅಷ್ಟರಲ್ಲಿ ಹೊಸ ಬಂಡವಾಳ ಬಂದು ಸ್ಟ್ರೈಕ್ ಪ್ರೈಸ್ ಏರಿದರೆ ಆ ನಷ್ಟ ನಿಮ್ಮದೇ.

ಕೆಲಸ ಬಿಟ್ಟವರ ಷೇರನ್ನು ಕಂಪನಿ ತನಗೆ ಬೇಕಾದ ಬೆಲೆಗೆ ವಾಪಸ್ ಕೊಳ್ಳುವ ಷರತ್ತಿದ್ದರೆ ತೆಗೆಸಿ, ಇಲ್ಲವೇ ನ್ಯಾಯವಾದ ಮಾರುಕಟ್ಟೆ ಬೆಲೆ ಎಂದು ತಿದ್ದಿಸಿ. ಕಂಪನಿ ಮಾರಾಟವಾದ ಬೆನ್ನಲ್ಲೇ ನಿಮ್ಮನ್ನು ತೆಗೆದರೆ ಬಾಕಿ ಆಪ್ಷನ್‌ಗಳು ಏನಾಗುತ್ತವೆ ಎಂಬುದಕ್ಕೂ ಉತ್ತರ ಬೇಕು. ಅವು ಕೂಡಲೇ ನಿಮ್ಮದಾಗುವ ಏರ್ಪಾಟಿಗೆ ಡಬಲ್ ಟ್ರಿಗರ್ ಎನ್ನುತ್ತಾರೆ. ಹಿರಿಯ ಹುದ್ದೆಗಳಿಗೆ ಇದನ್ನು ಕೇಳಿ ಪಡೆಯಬಹುದು.

ನೋಟಿಸ್ ಅವಧಿ ಎರಡೂ ಕಡೆಗೆ ಸಮವಾಗಿರಲಿ. ನೀವು ಮೂರು ತಿಂಗಳು, ಕಂಪನಿ ಹದಿನೈದು ದಿನ ಎನ್ನುವುದು ಸರಿಯಲ್ಲ. ಬಿಟ್ಟ ಮೇಲೆ ಅದೇ ಕ್ಷೇತ್ರದಲ್ಲಿ ಕೆಲಸ ಮಾಡಬಾರದು ಎಂಬ ಷರತ್ತು ಎಷ್ಟು ಕಾಲ, ಎಷ್ಟು ವಿಸ್ತಾರ ಎಂದು ನೋಡಿ. ನಿಮ್ಮ ಬಿಡುವಿನ ವೇಳೆಯ ಸ್ವಂತ ಕೆಲಸವೂ ಕಂಪನಿಯ ಸ್ವತ್ತು ಎಂದು ಬರೆದಿದ್ದರೆ, ಈಗಾಗಲೇ ನಿಮ್ಮದಾಗಿರುವುದರ ಪಟ್ಟಿಯನ್ನು ಅನುಬಂಧವಾಗಿ ಸೇರಿಸಿ.

7. ಚೌಕಾಸಿ, ತೀರ್ಮಾನ

ಸಣ್ಣ ಕಂಪನಿಯಲ್ಲಿ ದುಡ್ಡು ಬಿಗಿ, ಮಿಕ್ಕದ್ದು ಸಡಿಲ. ಸಂಬಳ ಏರಿಸಲು ಆಗುವುದಿಲ್ಲ ಎಂದರೆ ಹೆಚ್ಚು ಆಪ್ಷನ್, 90 ದಿನದ ಗಡುವಿನ ವಿಸ್ತರಣೆ, ಮುಂದಿನ ಬಂಡವಾಳ ಬಂದ ಕೂಡಲೇ ಸಂಬಳ ಇಂತಿಷ್ಟಕ್ಕೆ ಏರುತ್ತದೆ ಎಂಬ ಲಿಖಿತ ಮಾತು, ವಿಮೆಯ ಖರ್ಚು ಇವನ್ನು ಕೇಳಿ. ಎಲ್ಲವನ್ನೂ ಒಂದೇ ಸಲ ಕೇಳಿ. ಒಂದಕ್ಕೆ ಒಪ್ಪಿದ ಮೇಲೆ ಮತ್ತೊಂದು ತೆಗೆಯುತ್ತಾ ಹೋದರೆ ಸಂಬಂಧ ಕೆಡುತ್ತದೆ. "ನಾಳೆಯೊಳಗೆ ಹೇಳಿ" ಎಂಬ ಒತ್ತಡ ಬಂದರೆ ಒಂದು ವಾರ ಬೇಕು ಎಂದು ಸ್ಪಷ್ಟವಾಗಿ ಹೇಳಿ.

ಆಮೇಲೆ ಒಂದು ಹಾಳೆಯ ಮೇಲೆ ಈ ವಾಕ್ಯಕ್ಕೆ ಉತ್ತರ ಬರೆಯಿರಿ: ಷೇರಿಗೆ ಒಂದು ಕಾಸೂ ಬರದೆ, ಕಂಪನಿ 18 ತಿಂಗಳಿಗೆ ಮುಚ್ಚಿದರೂ, ನಾನು ಅಲ್ಲಿಂದ ಏನನ್ನು ಹೊತ್ತು ಹೊರಬರುತ್ತೇನೆ? ಬೇರೆಲ್ಲೂ ಸಿಗದ ಒಂದು ಕೌಶಲ, ಇಡೀ ಉತ್ಪನ್ನವನ್ನು ಮೊದಲಿಂದ ಕಟ್ಟಿದ ಅನುಭವ, ಜೊತೆಗೆ ಮತ್ತೆ ಕೆಲಸ ಮಾಡಬೇಕೆನ್ನಿಸುವ ನಾಲ್ಕು ಜನ: ಇಂಥ ಎರಡು ಗಟ್ಟಿ ಉತ್ತರ ಸಿಕ್ಕಿದರೆ, 1ನೇ ಮತ್ತು 2ನೇ ಹಂತದ ಅಂಕಿಗಳು ಸರಿಯಿದ್ದರೆ, ಧೈರ್ಯವಾಗಿ ಹೋಗಿ. ಬರೆಯಲು ಹೊರಟಾಗ ಷೇರನ್ನು ಬಿಟ್ಟು ಬೇರೇನೂ ಹೊಳೆಯದಿದ್ದರೆ ಬೇಡ.

ಸೇರುವುದೆಂದಾದರೆ ಹೊರಬರುವ ಗೆರೆಯನ್ನೂ ಅದೇ ಹಾಳೆಯಲ್ಲಿ ಎಳೆಯಿರಿ, ಯಾಕೆಂದರೆ ಒಳಗೆ ಸೇರಿದ ಮೇಲೆ ತಂಡದ ಮೇಲಿನ ಅಕ್ಕರೆಯಿಂದ ಆ ಗೆರೆ ಹಿಂದೆ ಸರಿಯುತ್ತಲೇ ಇರುತ್ತದೆ. ಸಂಬಳ ಮುಂಚೆ ತಿಳಿಸದೆ ತಡವಾದ ದಿನವೇ ಹುಡುಕಾಟ ಶುರು. ಎರಡನೇ ಸಲ ತಡವಾದರೆ ಬಾಕಿಗೆ ಲಿಖಿತ ಒಪ್ಪಿಗೆ ಪಡೆದು ಹೊರಡುವುದು. ರನ್‌ವೇ ಆರು ತಿಂಗಳಿಗೆ ಇಳಿದಾಗ ಸಂಸ್ಥಾಪಕರ ಜೊತೆ ನೇರ ಮಾತು.

ಸಹಿ ಹಾಕಿದ ಆಫರ್ ಲೆಟರ್, ಆಪ್ಷನ್ ಪತ್ರ, ಷೇರು ಯೋಜನೆಯ ಪೂರ್ತಿ ಪ್ರತಿ ಮೂರನ್ನೂ ಸ್ವಂತ ಇಮೇಲಿನಲ್ಲಿ ಇಟ್ಟುಕೊಳ್ಳಿ. ಕೆಲಸ ಬಿಟ್ಟ ದಿನ ಕಂಪನಿಯ ಇಮೇಲ್ ಬಂದ್ ಆಗುತ್ತದೆ, 90 ದಿನದ ಎಣಿಕೆ ಅವತ್ತೇ ಶುರುವಾಗುತ್ತದೆ.